ಗೋಲ್‌ಕಂಬದ ಕುಂಕುಮ

ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಒಂದು ಭಾನುವಾರ, ಅಪ್ಪನ ಮೇಲೆ ನನಗೆ ಅನುಮಾನ ಬಂತು. ಐವತ್ತು ವರ್ಷ ಅದನ್ನು ಯಾರಿಗೂ ಬಿಡಿಸಿ ಹೇಳದೆ ಇಟ್ಟುಕೊಂಡಿದ್ದೆ.

ಅಪ್ಪ ಡಿಯರ್‌ಬಾರ್ನ್‌ನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ರಜೆಯ ದಿನ, ಅಲ್ಲಿನ ಕೆಲಸಗಾರರೇ ಕಟ್ಟಿಕೊಂಡಿದ್ದ ಪುಟ್ಟ ಫುಟ್‌ಬಾಲ್ ಕ್ಲಬ್ಬಿನ ಗೋಲ್‌ಕೀಪರ್. ಆ ಭಾನುವಾರ ಆಯುಧಪೂಜೆ. ಬೆಳಿಗ್ಗೆ ಕಾರು ತೊಳೆದು, ಕುಂಕುಮ ಹಚ್ಚಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಅಪ್ಪಚ್ಚಿ ಮಾಡಿದ ಮೇಲೆ ಅಪ್ಪ ಅಕ್ಕನನ್ನೂ ನನ್ನನ್ನೂ ಮೈದಾನಕ್ಕೆ ಕರೆದುಕೊಂಡು ಹೋದರು.

ಹುಲ್ಲು ಒದ್ದೆಯಾಗಿತ್ತು. ತಗಡಿನ ಶೆಡ್ಡಿನಿಂದ ಈರುಳ್ಳಿ ಹುರಿಯುವ ವಾಸನೆ ಬರುತ್ತಿತ್ತು. ಆಟಕ್ಕೆ ಮೊದಲು ಅಪ್ಪ ಜೇಬಿನಿಂದ ಕುಂಕುಮದ ಭರಣಿ ತೆಗೆದು ಗೋಲಿನ ಎರಡೂ ಕಂಬಗಳಿಗೆ ಒಂದೊಂದು ಬೊಟ್ಟಿಟ್ಟರು. ಗೇಣು ಹಾಕಿ ಎತ್ತರ ನೋಡಿದಂತೆ ನನಗೆ ನೆನಪು. ನಿಜವಾಗಿ ನೋಡಿದರೋ, ಆಮೇಲೆ ನಾನೇ ಸೇರಿಸಿಕೊಂಡೆನೋ, ಆಣೆಯಿಟ್ಟು ಹೇಳಲಾರೆ.

ಎದುರು ತಂಡದ ನಾಯಕ ಕಂಬದತ್ತ ಬೆರಳು ತೋರಿಸಿ ಕೂಗಿದ: "ಗುರುತು ಹಾಕ್ಕೊಂಡಿದಾನೆ ನೋಡಿ! ಎಲ್ಲಿ ನಿಲ್ಲಬೇಕು ಅಂತ ಓರೆಗಣ್ಣಲ್ಲಿ ನೋಡ್ಕೊಳೋಕೆ!"

ಒರೆಸು ಎಂದರು ರೆಫರಿ. ಅಪ್ಪ ಕರವಸ್ತ್ರದಿಂದ ಒರೆಸಿದರು. ಯಾರೋ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಇದು ಪೂಜೆ ಎಂದು ಅಪ್ಪ ಯಾಕೆ ಹೇಳಲಿಲ್ಲ?

"ಅಕ್ಕಾ, ಅಪ್ಪ ಮೋಸ ಮಾಡಿದ್ರಾ?"

"ಬಾಯ್ಮುಚ್ಚೋ. ಅಪ್ಪನ್ನ ಹಾಗೆಲ್ಲ ಕೇಳ್ಬಾರ್ದು."

ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅಪ್ಪ ಇಲ್ಲ.

ಹೋದ ತಿಂಗಳು ನಾನೀಗ ಇರುವ ಡೆಸ್ ಪ್ಲೇನ್ಸ್‌ನಿಂದ ಡ್ರೈವ್ ಮಾಡಿಕೊಂಡು, ಡಿಯರ್‌ಬಾರ್ನ್‌ಗೆ ಹತ್ತಿರದ ಸೌತ್‌ಫೀಲ್ಡ್‌ನ ಅಕ್ಕನ ಮನೆಗೆ ಹೋದಾಗ, ಜೊತೆಗೆ ಬಂದಿದ್ದ ನಿಮ್ಮದೇ ವಯಸ್ಸಿನ ಮೊಮ್ಮಗಳನ್ನೂ ಅಕ್ಕನನ್ನೂ ಆ ಮೈದಾನಕ್ಕೆ ಕರೆದೊಯ್ದೆ. ಅಪ್ಪ ಅವತ್ತು ಪೆನಾಲ್ಟಿ ತಡೆದರೆಂದು ಮೊಮ್ಮಗಳಿಗೆ ಎಷ್ಟೋ ಸಲ ಹೇಳಿದ್ದೆ.

"ಪೆನಾಲ್ಟಿ ಅಂತೆ! ಮೂರು ಗೋಲ್ ತಿಂದ್ರು ಕಣೋ," ಎಂದು ಅಕ್ಕ ದಾರಿಯುದ್ದಕ್ಕೂ ನಕ್ಕಳು.

ಕ್ಲಬ್ಬು ಇನ್ನೂ ಇತ್ತು. ಖಾಲಿ ಜಾಗದಲ್ಲಿ ತುಂಬಿದ್ದ ಕಲ್ಲುಗಳನ್ನು ಕೆಲಸಗಾರರೇ ಆರಿಸಿ ತೆಗೆದು ಮೈದಾನ ಮಾಡಿದ್ದು, ಪೋಲೆಂಡಿನವರ ಜೊತೆ ಲೆಬನಾನಿನವರು ಬಂದು ಸೇರಿದ್ದು, ಎಲ್ಲವನ್ನೂ ಅಲ್ಲಿನ ವಯಸ್ಸಾದ ಕಾರ್ಯದರ್ಶಿ ಗೋಡೆಯ ಫೋಟೋ ತೋರಿಸುತ್ತಾ ಹೇಳಿದರು. ಪ್ರತಿ ಪಂದ್ಯದ ಬಗ್ಗೆ ಬರೆದಿಟ್ಟ ಹಳೆಯ ನೋಟ್‌ಬುಕ್ಕುಗಳನ್ನೂ ತಂದಿಟ್ಟರು.

ಆ ಭಾನುವಾರದ ಪುಟ ಸಿಕ್ಕಿತು. ಮೂರು ಗೋಲಿನ ಸೋಲು. ಪೆನಾಲ್ಟಿಯ ಸುದ್ದಿಯೇ ಇಲ್ಲ. ಅಕ್ಕ ಗೆದ್ದಳು. ಕೆಳಗೆ ಇನ್ನೊಂದು ಸಾಲಿತ್ತು: ನಮ್ಮ ಕೀಪರ್ ಮೈದಾನದ ಎರಡೂ ಕಡೆಯ ಗೋಲ್‌ಕಂಬಗಳಿಗೆ ಕೆಂಪು ಬೊಟ್ಟು ಇಟ್ಟಿದ್ದ, ಒರೆಸಬೇಕಾಯಿತು.

"ಎರಡೂ ಕಡೆ! ಮೋಸ ಮಾಡೋರು ಎದುರಾಳಿ ಗೋಲಿಗೆ ಯಾಕೆ ಇಡ್ತಾರೆ?" ಎಂದಳು ಅಕ್ಕ.

"ಹಾಫ್ ಟೈಮ್ ಆದ್ಮೇಲೆ ಸೈಡ್ ಬದಲಾಗುತ್ತಲ್ಲಕ್ಕಾ. ಆಗ ಅದೇ ನಮ್ಮ ಗೋಲು." ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಆದರೂ ಅನುಮಾನ ಹೋಗಲಿಲ್ಲ.

ಮೊಮ್ಮಗಳು ಪುಟ ತಿರುವಿದಳು. "ತಾತ, ವೇಟ್. ದೇರ್ಸ್ ಮೋರ್." ಓದುತ್ತಾ ನಗತೊಡಗಿದಳು. ಚೆಂಡಿಗೂ ಬೊಟ್ಟಿಟ್ಟಿದ್ದ. ರೆಫರಿಯ ಸೀಟಿಗೂ ಇಡಲು ಹೋಗಿದ್ದ. ಶೆಡ್ಡಿನ ಹಿಂದಿದ್ದ ಹುಲ್ಲು ಕತ್ತರಿಸುವ ಯಂತ್ರಕ್ಕೆ ಇಟ್ಟದ್ದನ್ನು ಮಾತ್ರ ಯಾರೂ ಒರೆಸಲಿಲ್ಲ.

ಹುಲ್ಲಿನ ಯಂತ್ರಕ್ಕೆ ಬೊಟ್ಟಿಟ್ಟು ಯಾವ ಗೋಲನ್ನೂ ತಡೆಯಲಾಗದು. ಅಪ್ಪ ಮಾಡಿದ್ದು ಪೂಜೆಯೇ. ನಾನು ಕುರ್ಚಿ ಎಳೆದುಕೊಂಡು ಕೂತೆ. ಅಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟಳು.

ಈಗ ನೀವು ಆಡುವಾಗ ಪ್ರತಿ ಗೋಲನ್ನೂ ಯಾರಾದರೂ ಫೋನಿನಲ್ಲಿ ಹಿಡಿದಿರುತ್ತಾರೆ. ನನ್ನ ಹಾಗೆ ಇಲ್ಲದ ಪೆನಾಲ್ಟಿ ಕಟ್ಟಿ ಹೇಳಲು ನಿಮಗೆ ಆಗದು. ಆದರೆ ದೊಡ್ಡ ವ್ಯತ್ಯಾಸ ಅದಲ್ಲ. ವಾಪಸ್ ಬರುವಾಗ, ಮೊದಲ ಎಕ್ಸಿಟ್ ದಾಟುವ ಮುಂಚೆಯೇ ಮೊಮ್ಮಗಳು ಕೇಳಿದಳು: "ತಾತ, ನೀವ್ಯಾಕೆ ಅವ್ರನ್ನೇ ಕೇಳ್ಲಿಲ್ಲ?"

ನಮಗೆ ಅಪ್ಪನನ್ನು ಅನುಮಾನಿಸಲು ಬರುತ್ತಿತ್ತು, ಕೇಳಲು ಬರುತ್ತಿರಲಿಲ್ಲ. ನೀವು ಕೇಳಿಬಿಡುತ್ತೀರಿ, ಉತ್ತರ ಹೇಳಬೇಕಾದವರು ಇನ್ನೂ ಎದುರಿಗೆ ಇರುವಾಗಲೇ.