ತೊಂಬತ್ತೆಂಟಕ್ಕೆ ನಿಂತ ಡೌನ್‌ಲೋಡ್

2008ರಲ್ಲಿ ನಾನು ಅರಸೀಕೆರೆಯ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದೆ. ವೈರಸ್ ತೆಗೆಯುವುದು, ಪ್ರಿಂಟರ್‌ಗೆ ಇಂಕ್ ತುಂಬುವುದು ನಿತ್ಯದ ಕೆಲಸ. ಆ ವರ್ಷದ ದಸರೆಗೆ ಮಾತ್ರ ಬೇರೆ ತರಹದ ತಲೆನೋವು ಗಂಟುಬಿತ್ತು.

ಹಳೇಬೀಡಿನ ಕಡೆಯ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಕಮಲಾಕ್ಷಮ್ಮನವರು ದಾನವಾಗಿ ಬಂದ ಹಳೆಯ ಕಂಪ್ಯೂಟರ್‌ಗಳನ್ನು ನನ್ನಿಂದ ಸರಿಮಾಡಿಸಿದ್ದರು. ವಿಜಯದಶಮಿಯ ದಿನ ಮಕ್ಕಳು ಅವುಗಳಲ್ಲಿ ಕನ್ನಡದಲ್ಲೇ ತಮ್ಮ ಹೆಸರು ಬರೆಯಬೇಕೆಂದು ಅವರ ಆಸೆ. ಆ ತಿಂಗಳ ಕೊನೆಗೆ ಅವರ ನಿವೃತ್ತಿ. ಇನ್ನೊಂದು ವಿಜಯದಶಮಿ ಅವರಿಗೆ ಆ ಶಾಲೆಯಲ್ಲಿರಲಿಲ್ಲ.

ಪೂರ್ತಿ ಕನ್ನಡದ ಪರದೆಯಿರುವ ಉಚಿತ ಆಪರೇಟಿಂಗ್ ಸಿಸ್ಟಮ್ ಒಂದು ಟೊರೆಂಟ್‌ನಲ್ಲಿ ಸಿಕ್ಕಿತು. ಟೊರೆಂಟ್‌ನಲ್ಲಿ ದೊಡ್ಡ ಫೈಲನ್ನು ಚೂರುಚೂರು ಮಾಡಿ, ಇದ್ದವರು ಇಲ್ಲದವರಿಗೆ ಹಂಚುತ್ತಾರೆ. ಎಲ್ಲ ಚೂರುಗಳೂ ಇರುವವನು ಸೀಡರ್. ನಮ್ಮ ಫೈಲಿಗೆ ಇದ್ದದ್ದು ಒಬ್ಬನೇ ಸೀಡರ್. ಆಯುಧಪೂಜೆಯ ಬೆಳಿಗ್ಗೆ ಬಂದು ನೋಡಿದರೆ ಡೌನ್‌ಲೋಡ್ ತೊಂಬತ್ತೆಂಟು ಪರ್ಸೆಂಟಿಗೆ ನಿಂತುಬಿಟ್ಟಿತ್ತು.

ನಾನು ಮೊದಲು ನನ್ನ ಲೈನನ್ನೇ ಅನುಮಾನಿಸಿದೆ. ಮೋಡೆಮ್ ಆಫ್ ಮಾಡಿ ಆನ್ ಮಾಡಿದೆ. ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್‌ನಲ್ಲಿ ಪೋರ್ಟ್ ತೆರೆದೆ. ಬಂದ ಚೂರುಗಳನ್ನೆಲ್ಲ ಮತ್ತೆ ತಾಳೆ ನೋಡಿಸಿದೆ, ಎಲ್ಲವೂ ಸರಿಯಾಗಿದ್ದವು. ಹಂಚಿಕೊಳ್ಳುತ್ತಿದ್ದವರ ಪಟ್ಟಿಯಲ್ಲಿ ಸೀಡರ್ ಇರಲಿಲ್ಲ, ಮಿಕ್ಕವರೂ ಅದೇ ತೊಂಬತ್ತೆಂಟಕ್ಕೆ ನಿಂತಿದ್ದರು. ಮಧ್ಯಾಹ್ನದ ಹೊತ್ತಿಗೆ ನನಗೆ ರೇಗಿಹೋಗಿತ್ತು.

ನನ್ನ ಹೆಂಡತಿ ಸರಸ್ವತಿ ಮಷೀನುಗಳಿಗೆ ಕುಂಕುಮ ಹಚ್ಚಿ ಹೂವಿಡುತ್ತಿದ್ದಳು. ನಾನು ಪೂಜೆಗೆ ಬಿಟ್ಟುಕೊಡದ ಆ ಒಂದು ಕಂಪ್ಯೂಟರ್ ಮುಂದೆ ಬಂದು ನಿಂತಳು.

"ಇವತ್ತು ಎಲ್ಲರ ಮಷೀನಿಗೂ ರಜ. ನಿಮ್ಮದೊಂದಕ್ಕೇ ಇಲ್ಲ ನೋಡ್ರಿ."

ನನ್ನ ಕೈ ಅಲ್ಲಿಗೇ ನಿಂತಿತು. ಕನ್ನಡದ ಫೈಲು ಹಾಕಿದವರು ಕನ್ನಡದವರೇ ಅಲ್ಲವೇ? ಅವರ ಮನೆಯಲ್ಲೂ ಪೂಜೆ, ಅವರ ಮಷೀನಿಗೂ ರಜ ಇರಬೇಕಲ್ಲ! ಜೊತೆಯಲ್ಲಿ ಇಳಿದಿದ್ದ ಪುಟ್ಟ ವಿವರಣೆಯ ಫೈಲನ್ನು ತೆರೆದೆ. ಕೊನೆಯಲ್ಲಿ ಫೋನ್ ನಂಬರಿತ್ತು, ಅದೂ ಬೇಲೂರಿನ ಕೋಡ್. ಜಗತ್ತನ್ನೆಲ್ಲ ಜಾಲಾಡುತ್ತಿದ್ದವನಿಗೆ ನಗು ಬಂತು.

ಫೋನ್ ಎತ್ತಿದವರು ಅರೇಹಳ್ಳಿಯ ಉಪನ್ಯಾಸಕರು. ವಿಷಯ ಕೇಳಿ ಬಹಳ ಪೇಚಾಡಿಕೊಂಡರು.

"ಪೂಜೆ ಆಗೋಗೈತೆ ಕಣ್ರೀ. ನಮ್ಮಮ್ಮ ನಾಳೆ ಬೆಳಿಗ್ಗೆ ಆರತಿ ಆಗೋವರ್ಗೂ ಕಂಪ್ಯೂಟರ್ ಮುಟ್ಟಕ್ಕೆ ಬಿಡಲ್ಲ. ಆಮೇಲೆ ಮೊದಲ ಕೆಲಸ ನಿಮ್ಮದೇ."

ತಾಯಿಯ ಮಾತನ್ನು ಮೀರಲು ಅವರಿಗೆ ನಾನು ಹೇಳುವಂತಿರಲಿಲ್ಲ. ಕಮಲಾಕ್ಷಮ್ಮನವರಿಗೆ ತಿಳಿಸಿದೆ. ಬೆಳಿಗ್ಗೆ ಇಟ್ಟುಕೊಂಡಿದ್ದ ಕಾರ್ಯಕ್ರಮವನ್ನು ಅವರು ಮಧ್ಯಾಹ್ನಕ್ಕೆ ತಳ್ಳಿದರು. "ಮಕ್ಕಳು ಕಾಯ್ತವೆ, ನೀವು ಬನ್ನಿ" ಎಂದಷ್ಟೇ ಅಂದರು.

ಮಾರನೆಯ ದಿನ ಅರೇಹಳ್ಳಿಯಲ್ಲಿ ಆರತಿ ಮುಗಿಯಿತು, ಪಟ್ಟಿಯಲ್ಲಿ ಸೀಡರ್ ಕಾಣಿಸಿಕೊಂಡರು. ಉಳಿದ ಚೂರುಗಳು ಕಾಫಿ ಆರುವುದರೊಳಗೆ ಬಂದವು. ಸಿ.ಡಿ.ಗಳನ್ನು ಬರೆದುಕೊಂಡು ಹಳೇಬೀಡಿನ ಬಸ್ ಹಿಡಿದೆ. ಆ ಸಿ.ಡಿ. ಹಾಕಿದರೆ ಸಾಕು, ಕಂಪ್ಯೂಟರ್ ಕನ್ನಡದಲ್ಲೇ ತೆರೆದುಕೊಳ್ಳುತ್ತಿತ್ತು. ಮಕ್ಕಳು ಒಂದೊಂದೇ ಅಕ್ಷರ ಹುಡುಕಿ ಹೆಸರು ಒತ್ತುವುದನ್ನು ಕಮಲಾಕ್ಷಮ್ಮನವರು ಕುರ್ಚಿಯಲ್ಲಿ ಕೂರದೆ ನಿಂತೇ ನೋಡಿದರು. ಕಣ್ಣೊರೆಸಿಕೊಂಡಿದ್ದನ್ನು ಅವರೇನೂ ಮುಚ್ಚಿಡಲಿಲ್ಲ.

ಅಂದಿನಿಂದ ಯಾವ ದೂರು ಬಂದರೂ, ತಂತಿ ಹಿಡಿಯುವ ಮೊದಲು ಆ ತುದಿಯಲ್ಲಿರುವ ಮನುಷ್ಯರನ್ನು ವಿಚಾರಿಸುವುದನ್ನು ರೂಢಿಸಿಕೊಂಡೆ. ಆ ಫೈಲನ್ನೂ ಅಳಿಸಲಿಲ್ಲ, ಇತರರಿಗೆ ಹಂಚುತ್ತಲೇ ಇದ್ದೆ. ಮುಂದಿನ ಆಯುಧಪೂಜೆಗೆ ಮಷೀನುಗಳನ್ನೆಲ್ಲ ಆಫ್ ಮಾಡಲು ನಾನೇ ಹೊರಟೆ. ಸರಸ್ವತಿ ಎಲ್ಲಕ್ಕೂ ಹೂವಿಟ್ಟು, ಆ ಫೈಲು ಹಂಚುತ್ತಿದ್ದ ಕಂಪ್ಯೂಟರ್ ಹತ್ತಿರ ನನ್ನ ಕೈ ತಡೆದಳು.

"ಇದೊಂದು ಓಡ್ತಿರ್ಲಿ ಬಿಡ್ರಿ. ಯಾರಾದ್ರೂ ಕಾಯ್ತಿರ್ತಾರೆ."