ಗೌರಿಯ ಸೀರೆಯ ಗಿಳಿಗಳು

ಗುರುಪಾದಪ್ಪ ಕಾಕಾ ಯಾರು ಏನು ಹೇಳಿದರೂ ಮೊದಲು ಅದನ್ನೇ ತಿರುಗಿ ಹೇಳುತ್ತಿದ್ದರು. ನಲ್ಲಿಗೆ ನೀರು ಬಂದಿಲ್ಲ ಎಂದು ನಾನು ಮಹಡಿಯಿಂದ ಕೂಗಿದರೆ 'ನೀರ ಬಂದಿಲ್ಲ' ಎಂದು ಕೆಳಗಿನಿಂದ ದನಿ ಬರುತ್ತಿತ್ತು. ಒಂದು ಗಳಿಗೆ ಬಿಟ್ಟು, 'ನೋಡ್ತೇನ್ರಿ'. ದವಾಖಾನೆಯಲ್ಲಿ ಡಾಕ್ಟರು ಬಾಯಿ ತೆಗೀರಿ ಅಂದರೆ, 'ಬಾಯಿ ತೆಗೀರಿ' ಅಂದ ಮೇಲೆಯೇ ಬಾಯಿ ತೆಗೆಯುತ್ತಿದ್ದರು. ಓಣಿಯಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ತಂದವರಿಗೂ ಅದೇ ಮರ್ಯಾದೆ. ಸುದ್ದಿ ತಂದವನಿಗೆ ತಾನು ತಪ್ಪು ಹೇಳಿದೆನೇನೋ ಎಂಬ ಅನುಮಾನ ಹುಟ್ಟಿ, ಹೊರಡುವ ಮೊದಲು ಸತ್ತವರ ಹೆಸರನ್ನು ಇನ್ನೊಮ್ಮೆ ಹೇಳಿ ಹೋಗುತ್ತಿದ್ದ.

ಬನಹಟ್ಟಿಯಲ್ಲಿ ಅವರ ಮನೆಯ ಮಹಡಿಯ ಮೇಲೆ ನಾನು ಬಾಡಿಗೆಗಿದ್ದೆ. ಜಮಖಂಡಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಅದಕ್ಕೇ ಕಾಕಾ ನನ್ನನ್ನು, ಈ ಕಡೆ ಟೀಚರಿಗೆ ಅನ್ನುವಂತೆ, ಅಕ್ಕಾರ ಅನ್ನುತ್ತಿದ್ದರು. ಸಾಕ್ಷ್ಯವಿಲ್ಲದೆ ಯಾವುದನ್ನೂ ನಂಬಬೇಡಿ ಎಂದು ವರ್ಷವೆಲ್ಲ ಮಕ್ಕಳಿಗೆ ಹೇಳುವವಳು ನಾನು. ಕಾಕಾನ ಬಗ್ಗೆ ಬರೆಯಲು ಕುಳಿತಾಗ ಮಾತ್ರ ನೆನಪೊಂದೇ ಕೈಯಲ್ಲಿದೆ. ದಿನಚರಿ ಬರೆಯುತ್ತಿದ್ದೆ, ನಿಜ. ಆದರೆ ಅದನ್ನು ಬರೆದವಳೂ ನಾನೇ ಆದ್ದರಿಂದ ಅದನ್ನು ಎರಡನೆಯ ಸಾಕ್ಷಿ ಅನ್ನಲಾಗದು.

ತಿರುಗಿ ಹೇಳುವ ಚಟ ಅವರಿಗೆ ಕೆಲಸದಿಂದ ಅಂಟಿದ್ದು. ಸೀರೆಯ ಅಂಚಿನ ಚಿತ್ತಾರವನ್ನು ಮಗ್ಗಕ್ಕೆ ತಿಳಿಸಲು ಮೊದಲು ರಟ್ಟಿನ ಕಾರ್ಡುಗಳಿದ್ದವು. ಗ್ರಾಫ್ ಹಾಳೆಯ ಮೇಲಿನ ಚಿತ್ರವನ್ನು ಒಬ್ಬ ಸಾಲುಸಾಲಾಗಿ ಓದಬೇಕು, ಇನ್ನೊಬ್ಬ ಅದನ್ನು ತಿರುಗಿ ಹೇಳುತ್ತ ರಟ್ಟಿಗೆ ತೂತು ಹೊಡೆಯಬೇಕು. ತಮ್ಮ ಶಿವಲಿಂಗಪ್ಪ ಓದುವವನು, ಅಣ್ಣ ಹೊಡೆಯುವವರು. ಮೀಸೆ ಮೂಡುವ ಮೊದಲಿನಿಂದ ಮೀಸೆ ಬೆಳ್ಳಗಾಗುವವರೆಗೆ ಇಬ್ಬರೂ ಒಂದೇ ಜಗಲಿಯ ಮೇಲೆ ಎದುರುಬದುರು ಕುಳಿತು ಅಂಕಿಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡಿದ್ದರು. ಆಮೇಲೆ ರಟ್ಟು ಹೋಗಿ ಕಂಪ್ಯೂಟರ್ ಬಂತು. ತಮ್ಮ ತೇರದಾಳದಲ್ಲಿ ಮಗ್ಗಗಳ ಶೆಡ್ ಹಾಕಿದ. ಅಣ್ಣ ಬನಹಟ್ಟಿಯಲ್ಲಿಯೇ ಉಳಿದು ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿ, ಪೆನ್‌ಡ್ರೈವಿಗೆ ಹಾಕಿ, ತೇರದಾಳದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸತೊಡಗಿದರು. ಕಂಡಕ್ಟರ್ 'ಶಿವಲಿಂಗಪ್ಪಗ ಕೊಡ್ಲೇನ್ರಿ' ಅಂದರೆ ಇವರು 'ಶಿವಲಿಂಗಪ್ಪಗ ಕೊಡ್ಲೇನ್ರಿ' ಅನ್ನುತ್ತಿದ್ದರು. ಬಸ್ಸು ಅಷ್ಟು ಹೊತ್ತು ನಿಲ್ಲುತ್ತಿತ್ತು.

ಜಗಳ ಬಂದದ್ದು ತಮ್ಮನ ಮಗಳು ಗೌರಿಯ ಮದುವೆಯಲ್ಲಿ. ಕಾಕಾನಿಗೆ ಮಕ್ಕಳಿಲ್ಲ, ಗೌರಿ ಬೆಳೆದದ್ದೇ ಅವರ ಮನೆಯಲ್ಲಿ. ಮದುವೆಯ ಸೀರೆಗೆ ಕಾಕಾ ಅಂಚಿನುದ್ದಕ್ಕೂ ಗಿಳಿಗಳನ್ನು ಬರೆದಿದ್ದರು. ತಮ್ಮ ತನ್ನ ಮಗ್ಗದಲ್ಲೇ ನೇಯ್ದ. ಅಕ್ಷತೆ ಬೀಳುವ ಅಕ್ಕಿಕಾಳಿನ ದಿನ ಮುಧೋಳದಿಂದ ಬಂದಿದ್ದ ಒಬ್ಬ ಮುದುಕಿ ಸೆರಗು ಹಿಡಿದು ನೋಡಿ, ಗಿಳಿಗೆ ಕಣ್ಣೇ ಇಲ್ಲವಲ್ಲ ಅಂದಳು. ಒಂದು ಗಿಳಿಗೂ ಕಣ್ಣಿರಲಿಲ್ಲ. ಸೀರೆಯ ಈ ತುದಿಯಿಂದ ಆ ತುದಿಯವರೆಗೆ ಕುರುಡು ಗಿಳಿಗಳು ಒಂದರ ಹಿಂದೊಂದು ನಡೆದಿದ್ದವು. ಫೈಲೇ ಹಾಗೆ ಬಂದಿತ್ತು ಅಂದ ತಮ್ಮ. ನನ್ನ ಗಿಳಿಗೆ ಕಣ್ಣಿದೆ, ಕಳೆದದ್ದು ನಿನ್ನ ಶೆಡ್ಡಿನಲ್ಲಿ ಅಂದರು ಅಣ್ಣ. ಅಡುಗೆಯವರ ಎದುರಿಗೆ ಆದ ಮಾತು. ಅಲ್ಲಿಂದ ಮುಂದೆ ಇಬ್ಬರ ನಡುವೆ ಮಾತಿಲ್ಲ. ಡಿಸೈನ್ ಹೋಗುವುದು ಮಾತ್ರ ನಿಲ್ಲಲಿಲ್ಲ, ಬೇರೆ ಯಾರ ಡಿಸೈನೂ ತಮ್ಮನಿಗೆ ಮನಸ್ಸಿಗೆ ಬರುತ್ತಿರಲಿಲ್ಲ.

ಮರುವರ್ಷ ಗೌರಿಗೆ ಕುಬಸ ಮಾಡುವ ಸುದ್ದಿ ಬಂತು. ಬಸಿರಿಗೆ ಹಸಿರು ಸೀರೆ ಉಡಿಸುವ ಕಾರ್ಯಕ್ಕೆ, ಸಾಕಿದ ದೊಡ್ಡಪ್ಪ ದೊಡ್ಡವ್ವ ಹೋಗದಿದ್ದರೆ ಹೇಗೆ? ಕಾಕಾನ ಹೆಂಡತಿ ಕಾಕಿ ಅನ್ನಕ್ಕೆ ನೀರು ಹಾಕುವಾಗ, ಬಟ್ಟೆ ಹಿಂಡುವಾಗ, ಯಾರಿಗೂ ಅಲ್ಲವೆಂಬಂತೆ ಇದನ್ನೇ ಕೇಳುತ್ತಿದ್ದರು. ಕಾಕಾ 'ಹೋಗದಿದ್ರ ಹೆಂಗ' ಎಂದು ತಿರುಗಿ ಹೇಳುತ್ತಿದ್ದರು, ಅಷ್ಟೇ. ತಾನು ತಪ್ಪಲ್ಲವೆಂದು ಸಾಬೀತಾಗದೆ ತಮ್ಮನ ಹೊಸ್ತಿಲು ತುಳಿಯುವುದಿಲ್ಲ ಎಂಬುದು ಅವರ ಹಟ.

ಆಗಲೇ ಅವರು, ಪೆನ್‌ಡ್ರೈವ್ ಓದಿ ಮಗ್ಗ ನಡೆಸುವ ಕಂಟ್ರೋಲರ್ ಡಬ್ಬಿಯ ಜೊತೆ ಬಂದ ಪುಸ್ತಿಕೆಯನ್ನು ಹಿಡಿದುಕೊಂಡು ಮಹಡಿ ಹತ್ತಿ ಬಂದದ್ದು. ಯಾವುದೋ ದೇಶದ ಭಾಷೆಯಿಂದ ಇಂಗ್ಲಿಷಿಗೆ, ಅಲ್ಲಿಂದ ಇನ್ನೊಂದು ಬಗೆಯ ಇಂಗ್ಲಿಷಿಗೆ ಇಳಿದ ಪುಸ್ತಿಕೆ. ಅದರಲ್ಲಿ ಒಂದು ವಾಕ್ಯದ ಕೆಳಗೆ ಅವರು ಗೆರೆ ಎಳೆದಿದ್ದರು. ಕಾಪಿ ಮಾಡಿದ ನಂತರ ಎರಡೂ ಕಡೆ ಚೆಕ್‌ಸಮ್ ಒಂದೇ ಬಂದರೆ ಫೈಲು ಆರೋಗ್ಯದಿಂದಿದೆ, ಎಂದಿತ್ತು. ಯಾವ ಬಗೆಯ ಚೆಕ್‌ಸಮ್, ಅದನ್ನು ತೆಗೆಯುವುದು ಹೇಗೆ ಎಂದು ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲಿಲ್ಲ. ಮುಂದಿನ ವಾಕ್ಯ ಡಬ್ಬಿಯನ್ನು ಬಿಸಿಲಿನಲ್ಲಿ ಇಡಬಾರದು ಎನ್ನುತ್ತಿತ್ತು.

ನನಗೆ ಗೊತ್ತಿದ್ದಷ್ಟು ಹೇಳಿದೆ. ಫೈಲನ್ನು ಇಡಿಯಾಗಿ ಲೆಕ್ಕ ಹಾಕಿ ಕಂಪ್ಯೂಟರ್ ಒಂದು ಸಾಲು ಅಂಕಿ-ಅಕ್ಷರ ಕೊಡುತ್ತದೆ, ಒಳಗೆ ಒಂದು ಚುಕ್ಕೆ ಬದಲಾದರೂ ಸಾಲಿಗೆ ಸಾಲೇ ಬೇರೆಯಾಗುತ್ತದೆ. ಕಾಕಾನ ಮುಖ ಅರಳಿತು. 'ಅಂದ್ರ ಸುಳ್ಳ ಹೇಳಾಕ ಬರಂಗಿಲ್ಲ' ಅಂದರು. ನಾನು ಹಾಗೆ ಹೇಳಿರಲಿಲ್ಲ. ಅವರು ನನ್ನ ಮಾತನ್ನು ತಿರುಗಿ ಹೇಳುವಾಗ ಬದಲಿಸಿದ್ದು ಅದೊಂದೇ ಸಲ ಎಂದು ನನ್ನ ನೆನಪು.

ಒಂದು ಪುಟ್ಟ ಪ್ರೋಗ್ರಾಂ ಇಳಿಸಿಕೊಂಡು, ಕಂಪ್ಯೂಟರಿಗೆ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು, ಅದರ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದೆವು. ಏನೂ ಆಗಲಿಲ್ಲ. ಬಿಳಿ ಗೆರೆಯೊಂದು ಮಿಣುಕುತ್ತಿತ್ತು. ಸಹಾಯದ ಪುಟದಲ್ಲಿ, ಫೈಲಿನ ಹೆಸರು ಕೊಡದಿದ್ದರೆ ಸ್ಟ್ಯಾಂಡರ್ಡ್ ಇನ್‌ಪುಟ್ ಓದುತ್ತದೆ ಎಂದು ಬರೆದಿತ್ತು. ಓದುತ್ತದೆ ಅಂದ ಮೇಲೆ ಓದಲಿ, ಅವಸರ ಮಾಡುವುದು ಬೇಡ ಅಂದರು ಕಾಕಾ. ಕಾಕಿ ಚಹಾ ತಂದರು, ಕುಡಿದೆವು. ಕಾಕಾ ಕೈಕಟ್ಟಿಕೊಂಡು, ದೊಡ್ಡವರು ಪತ್ರ ಓದುವಾಗ ಕೂರುವಂತೆ ಕುಳಿತಿದ್ದರು. ನಾವು ಏನಾದರೂ ಟೈಪ್ ಮಾಡಲಿ ಎಂದು ಅದು ನಮ್ಮ ದಾರಿ ಕಾಯುತ್ತಿದೆ ಎಂದು ನನಗೆ ಹೊಳೆದದ್ದು ಎರಡನೆಯ ಚಹಾದ ಹೊತ್ತಿಗೆ.

ಆಮೇಲೆ ಫೈಲಿನ ಹೆಸರು ಕೊಟ್ಟೆ. ಗೌರಿ ಮದುವಿ ಎಂದು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಟ್ಟು, ಅವರೇ ಇಟ್ಟ ಹೆಸರು. ಯಂತ್ರ ಎರಡು ಸಾಲು ಉತ್ತರ ಕೊಟ್ಟಿತು. ಗೌರಿ ಎಂಬ ಫೈಲು ಇಲ್ಲ. ಮದುವಿ ಎಂಬ ಫೈಲು ಇಲ್ಲ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಕಾಕಾ ಯೋಚಿಸಿದರು. 'ಮದುವಿ ಆಗೇತ್ರಿ ಅಕ್ಕಾರ. ನಾ ಊಟಾ ಮಾಡೇನಿ.'

ಹೆಸರಿನ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಬೇಕೆಂಬುದು ಎಲ್ಲಿಯೂ ಬರೆದಿರಲಿಲ್ಲ. ಹಾಕಿದ ಮೇಲೆ ಸಾಲು ಬಂತು. ಅದೇ ಪ್ರೋಗ್ರಾಂ ತೇರದಾಳಕ್ಕೆ ಬಸ್ಸಿನಲ್ಲಿ ಹೋಯಿತು. ಮದುವೆಯ ಪೆನ್‌ಡ್ರೈವನ್ನು ತಮ್ಮ ಸಾಕ್ಷಿಯೆಂದು ಹಾಗೆಯೇ ಎತ್ತಿಟ್ಟಿದ್ದ. ಫೋನ್ ಅಕ್ಕಾರೇ ಹಚ್ಚಬೇಕು ಎಂದರು ಕಾಕಾ. ಶಿವಲಿಂಗಪ್ಪ, ತಾನು ಸಾಲು ಓದುತ್ತೇನೆ, ಬೇರೆ ಏನೂ ಮಾತಾಡುವುದಿಲ್ಲ ಅಂದ. ಕಾಕಾನ ಷರತ್ತೂ ಅದೇ ಆಗಿತ್ತು.

ಆದರೆ ಅವನು ಓದುವುದು, ನಾನು ಬರೆದುಕೊಂಡು ಬಿ-ಯೋ ಡಿ-ಯೋ ಎಂದು ಕೇಳುವುದು ಕಾಕಾನಿಂದ ನೋಡಲಾಗಲಿಲ್ಲ. ಫೋನ್ ಕಸಿದುಕೊಂಡರು. 'ಮೊದಲಿಂದ ಓದು. ಬಿ ಅಂದ್ರ ಬೀಳಗಿ ಅನ್ನು' ಅಂದರು. ಅಲ್ಲಿಗೆ ಮಾತಾಡದಿರುವ ಷರತ್ತು ಮುಗಿಯಿತು ಎಂಬುದು ಇಬ್ಬರಿಗೂ ಗೊತ್ತಾಗಲಿಲ್ಲ, ಅಥವಾ ಗೊತ್ತಾದಂತೆ ತೋರಿಸಿಕೊಳ್ಳಲಿಲ್ಲ. ಎ ಅವ್ವನಾದಳು, ಸಿ ಸೀರಿಯಾಯಿತು, ಡಿ ಡಬ್ಬಿ, ಇ ಈರಣ್ಣ, ಎಫ್ ಫಕೀರ. 'ನಾಕು, ಬೀಳಗಿ, ಅವ್ವ' ಎಂದು ಅತ್ತಲಿಂದ ಬಂದರೆ 'ನಾಕು, ಬೀಳಗಿ, ಅವ್ವ' ಎಂದು ಇತ್ತಲಿಂದ ಹೋಗುತ್ತಿತ್ತು. ಇಬ್ಬರ ದನಿಯೂ ಒಂದೇ ಲಯಕ್ಕೆ ಬಿದ್ದಿತ್ತು.

ಸಾಲುಗಳು ಬೇರೆ ಬೇರೆ ಬಂದವು. ಕಾಕಾ ಫೋನ್ ಇಟ್ಟು, ಅಂಗಿ ತೊಟ್ಟು, ಚಹಾದಂಗಡಿಗೆ ಹೋಗಿ, ಫೈಲು ತಮ್ಮನ ಕಡೆ ಕೆಟ್ಟಿದೆ, ಲೆಕ್ಕ ಹಾಕಿ ನೋಡಿದ್ದೇವೆ, ಕಾಲೇಜಿನ ಅಕ್ಕಾರೇ ಇದ್ದರು ಎಂದು ಹೇಳಿ ಬಂದರು. ಇತಿಹಾಸದ ಅಧ್ಯಾಪಕಿ ಅಂದಿನಿಂದ ಆ ಓಣಿಯಲ್ಲಿ ಕಂಪ್ಯೂಟರ್ ಪಂಡಿತೆಯಾದಳು.

ಎರಡೂ ಸಾಲುಗಳನ್ನು ನಾನು ಒಂದರ ಕೆಳಗೊಂದು ಬರೆದು ನೋಡಿದ್ದು ಆಮೇಲೆ. ತಮ್ಮ ಓದಿದ ಸಾಲು ಗಿಡ್ಡವಿತ್ತು. ಒಂದೇ ಪ್ರೋಗ್ರಾಮಿನ ಸಾಲುಗಳು ಉದ್ದದಲ್ಲಿ ಬೇರೆಯಾಗಬಾರದು. ಹೇಳಬೇಕೋ ಬೇಡವೋ ಎಂದು ನಾನು ಎಷ್ಟು ಹೊತ್ತು ಯೋಚಿಸಿದೆ? ದಿನಚರಿ 'ಕೂಡಲೆ ಹೇಳಿದೆ' ಅನ್ನುತ್ತದೆ. ನನ್ನ ನೆನಪಿನಲ್ಲಿ ನಾನು ಮೆಟ್ಟಿಲ ಮೇಲೆ ಕುಳಿತೇ ಇದ್ದೇನೆ.

ಹೇಳಿದೆ. ಕಾಕಾ ಹಾಳೆಯನ್ನು ನೋಡಿದ ಕೂಡಲೆ ಅವರಿಗೆ ತಿಳಿಯಿತು. 'ಪೂಜಿ ಬಿಟ್ಟಾನ' ಅಂದರು. ಸೊನ್ನೆಗೆ ಈ ಕಡೆ ಪೂಜಿ ಅನ್ನುತ್ತಾರೆ. ಕಾರ್ಡು ಓದುವಾಗ ತೂತು ಬೀಳುವ ಮನೆಗಳನ್ನಷ್ಟೇ ಓದುವುದು, ಖಾಲಿ ಮನೆಯನ್ನು ಯಾರೂ ಓದುವುದಿಲ್ಲ. ಸೊನ್ನೆ ಕಂಡಲ್ಲೆಲ್ಲ ಶಿವಲಿಂಗಪ್ಪನ ನಾಲಿಗೆ ತಾನಾಗಿ ದಾಟಿಕೊಂಡು ಹೋಗಿತ್ತು. ತಾನಾದರೂ ಹಾಗೇ ಓದುತ್ತಿದ್ದೆ ಅಂದರು ಕಾಕಾ.

ಈ ಸಲ ಅವರು ಚಹಾದಂಗಡಿಗೆ ಹೋಗಲಿಲ್ಲ. ಸೊನ್ನೆಗಳನ್ನು ಸೇರಿಸಿದರೆ ಎರಡೂ ಸಾಲು ಒಂದೇ ಆಗುವಂತೆ ಕಾಣುತ್ತಿತ್ತು. ಅದು ನನಗೂ ಅವರಿಗೂ ಕಾಣುತ್ತಿತ್ತು. ಇನ್ನೊಮ್ಮೆ ಓದಿಸದಿದ್ದರೆ ತಪ್ಪು ತೇರದಾಳದ್ದೇ ಆಗಿ ಉಳಿಯುತ್ತಿತ್ತು. ಓದಿಸಿ ಎಂದು ನಾನು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಒಂದೆರಡು ದಿನ ಅವರು ಅಂಗಳ ತಿರುಗಿದರು. ಕಾಕಿ ಕುಬಸದ ಮಾತು ಎತ್ತುವುದನ್ನೂ ಬಿಟ್ಟಿದ್ದರು.

ಒಂದು ಮುಂಜಾನೆ ನಾನು ಬಸ್ಸಿಗೆ ಇಳಿದು ಬರುವಾಗ ಕಾಕಾ ತಾವೇ ಫೋನ್ ಹಚ್ಚಿ ಕುಳಿತಿದ್ದರು. 'ಪೂಜಿನೂ ಓದು' ಅಂದರು, ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ. ಸಾಲು ಮುಗಿಯುವವರೆಗೆ ನಾನು ಬಾಗಿಲಲ್ಲಿ ನಿಂತೆ. ಎಲ್ಲವೂ ಸರಿಹೊಂದಿತು. ಬಸ್ಸಿನಲ್ಲಿ ಏನೂ ಕೆಟ್ಟಿರಲಿಲ್ಲ, ಶೆಡ್ಡಿನಲ್ಲಿಯೂ ಕೆಟ್ಟಿರಲಿಲ್ಲ. ಕಣ್ಣು ಹೋದದ್ದು ಇದೇ ಮನೆಯಲ್ಲಿ.

ಹೇಗೆ ಹೋಯಿತೆಂದು ಸಂಜೆ ಹುಡುಕಿದೆವು. ಅವರು ಬರೆದ ಚಿತ್ರದಲ್ಲಿ ಗಿಳಿಗಳಿಗೆ ಕಣ್ಣಿತ್ತು. ಆ ಚಿತ್ರವನ್ನು ಮಗ್ಗದ ಫೈಲಾಗಿ ಬದಲಿಸುವಾಗ, ಒಂಟಿ ಚುಕ್ಕೆಗಳನ್ನು ತೆಗೆದುಹಾಕು ಎಂಬಲ್ಲಿ ಸರಿ ಗುರುತು ಬಿದ್ದಿತ್ತು. ಪುಸ್ತಿಕೆ ಅದರ ಬಗ್ಗೆ 'ಶಿಫಾರಸು ಮಾಡಲಾಗಿದೆ' ಎಂದಷ್ಟೇ ಹೇಳಿತ್ತು. ಗಿಳಿಯ ಕಣ್ಣು ಒಂಟಿ ಚುಕ್ಕೆ. ಕಾಕಾ ಗುರುತು ತೆಗೆದು ಹೊಸ ಫೈಲು ಮಾಡಿದರು, ಬಸ್ಸಿಗೆ ಕೊಟ್ಟು ಬಂದರು. ಮರುದಿನ ಮತ್ತೆ ಫೋನ್. ಈ ಸಲ ಓದಿದವರು ಅಣ್ಣ, ತಿರುಗಿ ಹೇಳಿದವನು ತಮ್ಮ. ಕಾಕಾ ಸ್ಪೀಕರ್ ಹಾಕಿದ್ದರು. ಕಾಕಿ ಕೇಳಲಿ ಎಂದೋ, ಒಬ್ಬರೇ ಕೇಳುವುದಾಗಲಿಲ್ಲವೋ, ನಾನು ವಿಚಾರಿಸಲಿಲ್ಲ.

ಸಾಲು ಮುಗಿಯಿತು. ಅತ್ತಲಿಂದ ಮಗ್ಗಗಳ ಸದ್ದು ಬರುತ್ತಿತ್ತು.

'ಇದು ಹಳೇ ಸಾಲಿಗಿಂತ ಬ್ಯಾರೆ ಐತಲ್ಲ ಅಣ್ಣ.'

'ಬ್ಯಾರೆ ಐತಿ.'

'ನೀ ಬದಲ ಮಾಡಿದಿ?'

'ಹೂಂ. ಕಣ್ಣ ನನ್ನ ಕಡೆನ ಹೋಗಿದ್ದು. ಈಗ ಹಾಕೇನಿ. ಕುಬಸದ ಸೀರಿಗೆ ಇದನ್ನ ಹಚ್ಚು.'

ಕಾಕಾ ಫೋನನ್ನೇ ನೋಡುತ್ತಿದ್ದರು. 'ಕೊನೀದು ಸರಿಯಾಗಿ ಕೇಳಿಸಲಿಲ್ಲ. ಮೊದಲಿಂದ ಇನ್ನೊಮ್ಮಿ ಓದು' ಅಂದ ಶಿವಲಿಂಗಪ್ಪ. ಕೊನೆಯದನ್ನು ಅವನು ಸರಿಯಾಗಿಯೇ ತಿರುಗಿ ಹೇಳಿದ್ದ. ಕಾಕಾ ಮೊದಲಿನಿಂದ ಓದಿದರು. ಕಾಕಿ ಒಳಗೆ ಹೋಗಿ ಟ್ರಂಕು ತೆಗೆಯುವ ಸದ್ದು ಕೇಳಿಸಿತು.

ಅವರು ಕುಬಸಕ್ಕೆ ಹೋಗಿಬಂದರು. ಅಲ್ಲಿ ಏನಾಯಿತೆಂದು ಕೇಳಿದ್ದಕ್ಕೆ ಕಾಕಾ, ಹೋಳಿಗೆ ಛಲೋ ಆಗಿತ್ತು ಅಂದರು.

ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾನು ಬೀಳಗಿಯಲ್ಲಿದ್ದೆ. ಫೋನ್ ಮಾಡಿದವನು ಶಿವಲಿಂಗಪ್ಪ. ಅವನು ಹೇಳಿದ್ದನ್ನು ನಾನು ಹಾಗೆಯೇ ತಿರುಗಿ ಹೇಳಿದೆನಂತೆ. ನನಗೆ ನೆನಪಿಲ್ಲ, ಅವನೇ ಆಮೇಲೆ ಹೇಳಿದ್ದು.

ಕೊನೆಯ ಸಲ ಅವರನ್ನು ನೋಡಿದ್ದು, ವರ್ಗವಾಗಿ ನಾನು ಆ ಮನೆ ಬಿಟ್ಟ ದಿನ. ಸಾಮಾನು ಟೆಂಪೋಗೆ ಏರಿಸಿ, ಕೀಲಿಕೈ ಕೊಡಲು ಕೆಳಗೆ ಬಂದರೆ ಕಾಕಾ ಕಂಪ್ಯೂಟರ್ ಎದುರಿಗಿದ್ದರು. ತಮ್ಮ ಅಂದು ಪೆನ್‌ಡ್ರೈವ್ ಒಯ್ಯಲು ತಾನೇ ಬಂದಿದ್ದ, ಸಾಲು ಸರಿನೋಡಲು ತನ್ನ ಲ್ಯಾಪ್‌ಟಾಪ್ ತಂದಿದ್ದ. ಅವನನ್ನು ಕಾಕಾ ಅಡುಗೆಮನೆಯಲ್ಲಿ ಕೂರಿಸಿದ್ದರು. ನಡುವೆ ಗೋಡೆ. ಎದುರಿಗೆ ಕೂತರೆ ಏನಾಗುತ್ತದೆ ಎಂದು ನಾನು ಕಾಕಿಯನ್ನು ಕೇಳಿದೆ.

'ಎದುರಿಗಿ ಕುಂತ್ರ ಅಣ್ಣನ ಮಾರಿ ನೋಡಿ ಎಲ್ಲಾದಕ್ಕೂ ಹೂಂ ಅಂತಾನಂತ ಅಂವ' ಅಂದರು ಕಾಕಿ.

ನಾನು ಹೊಸ್ತಿಲಲ್ಲಿ ನಿಂತೆ. ಕಾಕಾ ನನ್ನನ್ನು ನೋಡಿದರು. ನಡುವೆ ಬೇರೆ ಮಾತಾಡಿದರೆ ಲೆಕ್ಕ ತಪ್ಪುತ್ತದೆ, ಹಾಗಾಗಿ ಒಂದು ಕೈ ಎತ್ತಿ ತಡೆಯಿರಿ ಎಂಬಂತೆ ತೋರಿಸಿದರು, ಅಥವಾ ಹೋಗಿಬನ್ನಿ ಎಂಬಂತೆ. ಹೊರಗೆ ಟೆಂಪೋದವನು ಹಾರ್ನ್ ಹೊಡೆದ. ಕೀಲಿಕೈಯನ್ನು ಕಾಕಿಯ ಕೈಯಲ್ಲಿಟ್ಟು ನಾನು ಜಗಲಿಯ ಮೆಟ್ಟಿಲಿಳಿದೆ. ಅಡುಗೆಮನೆಯಿಂದ ತಮ್ಮ ಒಂದು ಸಾಲು ಮುಗಿಸಿ ಇನ್ನೊಂದು ಶುರುಮಾಡಿದ್ದ, ಅಣ್ಣ ಹಿಂದೆಯೇ ಹೇಳುತ್ತಿದ್ದರು.