ಸಂದರ್ಶನಕ್ಕಾಗಿ ಅಜ್ಜಿಯನ್ನು ಸಾಯಿಸಿದ್ದು

ಆ ಬೇಸಿಗೆಯಲ್ಲಿ ನಾನು ನಮ್ಮ ಅಜ್ಜಿಯನ್ನು ದಿನಕ್ಕೆ ಮೂರು ಸಲವಾದರೂ ಸಾಯಿಸುತ್ತಿದ್ದೆ. ಬೆಳಿಗ್ಗೆ ಕನ್ನಡಿಯ ಮುಂದೆ ಒಮ್ಮೆ, ಮಧ್ಯಾಹ್ನ ಕೋಚಿಂಗ್ ಕ್ಲಾಸಿನಲ್ಲಿ ಒಮ್ಮೆ, ಸಂಜೆ ಅಪ್ಪ ಆಫೀಸಿನಿಂದ ಬಂದು ಚಹಾ ಕುಡಿದ ಮೇಲೆ ಇನ್ನೊಮ್ಮೆ. ಅಜ್ಜಿ ಮಾತ್ರ ದೆಹಲಿಯ ಲೋಧಿ ಕಾಲೋನಿಯ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಕೂಲರಿನ ಎದುರು ಕಾಲು ಚಾಚಿ ಕುಳಿತು ತೊಂಡೆಕಾಯಿ ಹೆಚ್ಚುತ್ತಾ ಆರೋಗ್ಯವಾಗಿಯೇ ಇದ್ದರು.

ಎರಡು ಸಾವಿರದ ದಶಕದ ನಡುವಿನ ಮಾತು ಇದು. ನಾನು ಆಗಷ್ಟೇ ಹನ್ನೆರಡನೆಯ ತರಗತಿ ಮುಗಿಸಿದ್ದೆ. ಹೆಚ್ಚಿನ ಮೆಡಿಕಲ್ ಕಾಲೇಜುಗಳು ಲಿಖಿತ ಪರೀಕ್ಷೆಯ ಅಂಕ ನೋಡಿ ಸೀಟು ಕೊಟ್ಟು ಸುಮ್ಮನಾಗುತ್ತಿದ್ದವು. ಕೆಲವಕ್ಕೆ ಮಾತ್ರ ಅಭ್ಯರ್ಥಿಯ ಹೃದಯದೊಳಗೂ ಇಣುಕಿ ನೋಡುವ ಆಸೆ. ಅಂಥದ್ದೊಂದು ಕಾಲೇಜಿನ ಲಿಖಿತ ಪರೀಕ್ಷೆಯಲ್ಲಿ ನಾನು ಪಾಸಾದೆ. ಎರಡು ವಾರದ ನಂತರ ಸಂದರ್ಶನಕ್ಕೆ ಹಾಜರಾಗಬೇಕೆಂದು ಪತ್ರ ಬಂತು.

ಅಪ್ಪ ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಅಸಿಸ್ಟೆಂಟ್. ಪತ್ರವನ್ನು ಮೂರು ಸಲ ಓದಿ, ಮುಖ್ಯ ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಹೊಸ ಫೈಲೊಂದನ್ನು ತೆರೆದು ಅದರೊಳಗೆ ಸೇರಿಸಿದರು. ಫೈಲು ತೆರೆದರೆ ಅವರ ಪ್ರಕಾರ ಅರ್ಧ ಕೆಲಸ ಆದಂತೆ. ಆಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಗಂಭೀರವಾಗಿ ಕೇಳಿದರು, “ನೀನು ಡಾಕ್ಟರ್ ಯಾಕೆ ಆಗಬೇಕು ಅಂತಿದ್ದೀಯ?”

“ನೀವೇ ಹೇಳಿದ್ರಲ್ಲ ಅಪ್ಪ.”

“ಅದು ನಿಜ. ಆದ್ರೆ ಅಲ್ಲಿ ಹಾಗೆ ಹೇಳಬಾರದು.”

ಅಲ್ಲಿ ಏನು ಹೇಳಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಆದ್ದರಿಂದ ಮರುದಿನವೇ ನನ್ನನ್ನು ಹೌಜ್ ಖಾಸಿನ ಕೋಚಿಂಗ್ ಕ್ಲಾಸಿಗೆ ಸೇರಿಸಿದರು. ಎರಡನೆಯ ಮಹಡಿಯ ಒಂದು ಕೋಣೆ, ಒಂದು ಏಸಿ, ಹದಿನೈದು ಕುರ್ಚಿಗಳು. ಬಾಗಿಲ ಮೇಲೆ ‘ವ್ಯಕ್ತಿತ್ವ ವಿಕಸನ’ ಎಂಬ ಫಲಕ. ಹದಿನೇಳು ವರ್ಷ ಮನೆಯಲ್ಲಿ ವಿಕಸಿಸದ ನನ್ನ ವ್ಯಕ್ತಿತ್ವ ಇಲ್ಲಿ ಹನ್ನೆರಡು ದಿನಗಳಲ್ಲಿ ವಿಕಸಿಸಬೇಕಿತ್ತು.

ಕಲಿಸುತ್ತಿದ್ದ ಸರ್ ಮೊದಲು ಗಗನಸಖಿಯರಾಗಬಯಸುವವರಿಗೆ ತರಬೇತಿ ಕೊಡುತ್ತಿದ್ದವರು. ಹಾಗಾಗಿ ಮೊದಲ ಮೂರು ದಿನ ನಾವು ನಡೆಯುವುದನ್ನೂ ಕೂರುವುದನ್ನೂ ನಗುವುದನ್ನೂ ಕಲಿತೆವು. ಹಲ್ಲು ಕಾಣಬೇಕು, ಒಸಡು ಕಾಣಬಾರದು. ಹಾಗೆ ನಗುತ್ತಾ ರೋಗಿಯ ಹತ್ತಿರ ಹೋದರೆ ಅವನು ಹಾಸಿಗೆಯಿಂದೆದ್ದು ಓಡಿಹೋಗುತ್ತಾನೆಂದು ನನಗೆ ಅನ್ನಿಸಿತ್ತಾದರೂ, ಅದೂ ಒಂದು ಬಗೆಯ ಚಿಕಿತ್ಸೆಯೇ ಇರಬಹುದೆಂದು ಸುಮ್ಮನಾದೆ.

ನಾಲ್ಕನೆಯ ದಿನ ಸರ್ ಮೇಜಿನ ಮೇಲೆ ಕೈಯೂರಿ ನಿಂತು, “ದೇಖೋ, ಮಾರ್ಕ್ಸ್ ಎಲ್ಲರ ಹತ್ತಿರವೂ ಇದೆ. ನಿಮಗೆ ಬೇಕಾಗಿರುವುದು ಸ್ಟೋರಿ” ಎಂದರು. ಸ್ಟೋರಿಯನ್ನೂ ಅವರೇ ಬರೆಸಿದರು. ದೂರದ ಹಳ್ಳಿ. ಅಲ್ಲಿ ಅಜ್ಜಿ. ಹತ್ತಿರದಲ್ಲೆಲ್ಲೂ ಡಾಕ್ಟರಿಲ್ಲ. ಚಿಕಿತ್ಸೆಯಿಲ್ಲದೆ ಅಜ್ಜಿ ಸತ್ತಳು. ಅವಳ ಕೈ ಹಿಡಿದುಕೊಂಡಿದ್ದ ಮಗು ಆ ಕ್ಷಣದಲ್ಲಿ ಪ್ರತಿಜ್ಞೆ ಮಾಡಿತು. ‘ಕೈ’ ಎಂಬ ಶಬ್ದ ಬಂದಾಗ ಧ್ವನಿ ನಡುಗಬೇಕು, ‘ಪ್ರತಿಜ್ಞೆ’ ಎಂಬಲ್ಲಿ ಕಣ್ಣು ಒದ್ದೆಯಾಗಬೇಕು. ಹದಿನೈದು ಜನರೂ ತಲೆ ತಗ್ಗಿಸಿ ಬರೆದುಕೊಂಡೆವು.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಘಾಜಿಯಾಬಾದಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಹುಡುಗಿ. ಅವಳು ಕೈ ಎತ್ತಿ, “ಸರ್, ಮೇರೀ ದಾದಿ ತೋ ಜಿಂದಾ ಹೈ” ಎಂದಳು. ಅವಳ ಅಜ್ಜಿಯೂ ಇನ್ನೂ ಬದುಕಿದ್ದರು.

“ಅಚ್ಛಾ ಹೈ” ಎಂದರು ಸರ್. “ಇಂಟರ್‌ವ್ಯೂ ಮುಗಿಯೋವರೆಗೂ ಯಾರಿಗೂ ಹೇಳಬೇಡ.”

ಅಂದಿನಿಂದ ಮನೆಯಲ್ಲಿ ತಾಲೀಮು ಶುರುವಾಯಿತು. ಸಂಜೆ ಊಟದ ಮೇಜೇ ಸಂದರ್ಶನದ ಬೋರ್ಡು. ಅಪ್ಪ ಅಧ್ಯಕ್ಷರು, ಅಮ್ಮ ಸದಸ್ಯೆ. ಅಪ್ಪ ನನಗೆ ದೇಶದ ಆರೋಗ್ಯ ನೀತಿಯ ಬಗ್ಗೆ ಪ್ರಶ್ನೆ ಕೇಳಿ, ಉತ್ತರವನ್ನೂ ತಾವೇ ಇಪ್ಪತ್ತು ನಿಮಿಷ ಕೊಡುತ್ತಿದ್ದರು. ಅಮ್ಮನ ಸರದಿ ಬಂದಾಗ, “ಅವತ್ತು ಊಟ ಮಾಡ್ಕೊಂಡು ಹೋಗ್ತೀಯೋ, ಬಂದು ಮಾಡ್ತೀಯೋ?” ಎನ್ನುತ್ತಿದ್ದಳು. ಆಮೇಲೆ ನಾನು ಎದ್ದು ನಿಂತು ಇಂಗ್ಲಿಷಿನಲ್ಲಿ ಅಜ್ಜಿಯನ್ನು ಸಾಯಿಸುತ್ತಿದ್ದೆ. ಅಪ್ಪ ಕಣ್ಣು ಮುಚ್ಚಿ ಕೇಳಿ, “ನಡುಕ ಸಾಲದು, ಇನ್ನೊಂದು ಸಲ” ಎನ್ನುತ್ತಿದ್ದರು. ಸತ್ತವಳು ತಮ್ಮ ಹೆತ್ತ ತಾಯಿ ಎಂಬುದು ಅವರ ಗಮನಕ್ಕೆ ಬಂದಂತೆ ಕಾಣಲಿಲ್ಲ.

ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ‘ಗ್ರ್ಯಾಂಡ್‌ಮದರ್’ ಅಂದರೆ ತಾನೇ ಎಂದು ಗೊತ್ತಿತ್ತು. ನಾನು ಸ್ನೇಹಿತೆಯರಿಗೆಲ್ಲ ಹಾಗೆಯೇ ಪರಿಚಯಿಸುತ್ತಿದ್ದೆನಲ್ಲ. ಏಳನೆಯ ದಿನವೋ ಎಂಟನೆಯ ದಿನವೋ ಅವರು ತೊಂಡೆಕಾಯಿಯ ತಟ್ಟೆ ಪಕ್ಕಕ್ಕಿಟ್ಟು ಕರೆದರು.

“ಅದೇನೇ ದಿನಾ ನನ್ನ ವಿಷಯ ಕಂಠಪಾಠ ಮಾಡ್ತೀಯ? ಏನಂತ ಹೇಳ್ತೀಯ?”

ಅಮ್ಮ ತಟ್ಟನೆ ಅಡುಗೆಮನೆಗೆ ಹೋದಳು. ನಾನು ಹೇಳಿಬಿಟ್ಟೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, “ಹಳ್ಳಿಯಂತೆ!” ಎಂದರು. “ನಾನು ತುಮಕೂರು ಪೇಟೇಲಿ ಹುಟ್ಟಿ ಬೆಳೆದೋಳು. ನಮ್ಮ ಮನೆ ಎದುರಿಗೇ ಆಸ್ಪತ್ರೆ ಇತ್ತು. ಸತ್ತಿದ್ದು ಯಾವ ಕಾಯಿಲೆಯಿಂದ?”

“ಕಾಯಿಲೆ ಹೇಳಿಲ್ಲ ಅಜ್ಜಿ. ಟ್ರೀಟ್‌ಮೆಂಟ್ ಇಲ್ಲದೆ, ಅಂತ ಅಷ್ಟೇ.”

“ಡಾಕ್ಟರಾಗೋಳು ಕಾಯಿಲೆ ಹೆಸರಾದ್ರೂ ಹೇಳಬೇಡ್ವೇನೇ? ಅವರು ಕೇಳಿದ್ರೆ ಏನಂತೀಯ?”

ಸರ್ ಆಗಲಿ ಅಪ್ಪನಾಗಲಿ ಈ ಪ್ರಶ್ನೆಯನ್ನು ಕೇಳಿರಲಿಲ್ಲ. ಅಜ್ಜಿ ಮತ್ತೆ, “ನಾನು ಸತ್ತಾಗ ಅಳ್ತೀಯ ಅದರಲ್ಲಿ?” ಎಂದರು.

“ಹೂಂ. ಕಣ್ಣಲ್ಲಿ ನೀರು ಬರಬೇಕು ಅಂದಿದ್ದಾರೆ.”

“ಅಷ್ಟಾದ್ರೂ ಇದೆಯಲ್ಲ” ಎಂದು ಅವರು ಮತ್ತೆ ಈಳಿಗೆಮಣೆ ಎಳೆದುಕೊಂಡರು. ಆದರೂ ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತಪ್ಪದೆ ಅವರನ್ನು ಸಾಯಿಸಿದೆ. ಮೆಡಿಕಲ್ ಸೀಟು ಎಂದರೆ ಸುಮ್ಮನೆ ಅಲ್ಲ.

ಸಂದರ್ಶನದ ದಿನ ಅಪ್ಪ ರಜೆ ಹಾಕಿ, ಕೋಟು ತೊಟ್ಟು ಬಂದರು. ಜೂನ್ ತಿಂಗಳ ದೆಹಲಿಯಲ್ಲಿ ಕೋಟು. ಆಟೋದಲ್ಲಿ ದಾರಿಯುದ್ದಕ್ಕೂ ಬೆವರು ಒರೆಸಿಕೊಳ್ಳುತ್ತಾ, “ಟೆನ್ಷನ್ ಮಾಡ್ಕೋಬೇಡ” ಎಂದು ನನಗೆ ಧೈರ್ಯ ಹೇಳಿದರು. ಕಾಯುವ ಕೋಣೆಯಲ್ಲಿ ನಮ್ಮ ಕ್ಲಾಸಿನವರೇ ಒಂಬತ್ತು ಜನ. ಎಲ್ಲರೂ ಒಸಡು ಕಾಣದಂತೆ ನಗುತ್ತಾ ಕುಳಿತಿದ್ದರು. ನನಗಿಂತ ಮೊದಲು ಒಳಗೆ ಹೋದ ಘಾಜಿಯಾಬಾದಿನ ಹುಡುಗಿ ನಿಜವಾದ ಕಣ್ಣೀರು ಒರೆಸಿಕೊಳ್ಳುತ್ತಾ ಹೊರಬಂದು, ಬಾಗಿಲು ಮುಚ್ಚಿದ ಕೂಡಲೇ ನನಗೆ ಹೆಬ್ಬೆರಳು ತೋರಿಸಿದಳು.

ಒಳಗೆ ಮೂವರಿದ್ದರು. ಮಧ್ಯದಲ್ಲಿ ಬಿಳಿಕೂದಲಿನ ಹಿರಿಯ ವೈದ್ಯೆ, ಅಕ್ಕಪಕ್ಕ ಇಬ್ಬರು ಗಂಡಸರು. ಡಾಕ್ಟರ್ ಯಾಕಾಗಬೇಕು ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು. ನಾನು ಉಸಿರೆಳೆದುಕೊಂಡು, ದೂರದ ಹಳ್ಳಿಯೊಂದರಲ್ಲಿ ನನ್ನ ಅಜ್ಜಿ ಎಂದು ಶುರುಮಾಡುವಷ್ಟರಲ್ಲಿ ಆಕೆ ಪೆನ್ನು ಕೆಳಗಿಟ್ಟರು.

“ಬೆಳಿಗ್ಗೆಯಿಂದ ನೀನು ಆರನೆಯವಳು. ನಿಮ್ಮಜ್ಜಿ ಯಾವ ಕಾಯಿಲೆಯಿಂದ ತೀರಿಕೊಂಡರು?”

ಅಜ್ಜಿ ಎಚ್ಚರಿಸಿದ್ದರು, ನಾನು ತಯಾರಿ ಮಾಡಿರಲಿಲ್ಲ. ಕ್ಷಯ ಎನ್ನಲೇ, ಹೃದಯಾಘಾತ ಎನ್ನಲೇ ಎಂದು ಯೋಚಿಸುವಾಗ ನಾಲಿಗೆ ತಾನಾಗಿಯೇ ಹೊರಳಿತು.

“ತೀರಿಕೊಂಡಿಲ್ಲ ಮೇಡಂ. ಬದುಕಿದ್ದಾರೆ.”

“ಎಲ್ಲಿ?”

“ಲೋಧಿ ಕಾಲೋನಿಯಲ್ಲಿ. ಈಗ ತರಕಾರಿ ಹೆಚ್ಚುತ್ತಿರಬೇಕು.”

ಎಡಗಡೆ ಕುಳಿತವರು ಕೆಮ್ಮಿನಂತೆ ನಕ್ಕರು. ವೈದ್ಯೆ ನಗಲಿಲ್ಲ. “ಸರಿ, ಬದುಕಿರುವ ಅಜ್ಜಿಯ ವಿಷಯವನ್ನೇ ಹೇಳು” ಎಂದರು.

ಹೊಳೆದದ್ದನ್ನು ಹೇಳಿದೆ. ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ, ಕಾಲೋನಿಯ ಡಿಸ್ಪೆನ್ಸರಿಯ ಡಾಕ್ಟರಿಗೆ ಕನ್ನಡ ಬರುವುದಿಲ್ಲ. ಹಾಗಾಗಿ ಹನ್ನೊಂದನೆಯ ವಯಸ್ಸಿನಿಂದ ಇಬ್ಬರ ನಡುವೆ ನಾನೇ ದುಭಾಷಿ. ಒಮ್ಮೆ ಅಜ್ಜಿ ಹೊಟ್ಟೆಉರಿ ಎಂದರು. ನಾನು ಡಾಕ್ಟರಿಗೆ ಹಿಂದಿಯಲ್ಲಿ ‘ಜಲನ್’ ಎಂದೆ. ಡಾಕ್ಟರು ತಲೆಯೆತ್ತದೆ, “ಯಾರ ಮೇಲೆ?” ಎಂದು ಕೇಳಿದರು. ಕನ್ನಡದಲ್ಲೂ ಹಿಂದಿಯಲ್ಲೂ ಉರಿಗೂ ಅಸೂಯೆಗೂ ಒಂದೇ ಮಾತೆಂದು ಅವತ್ತೇ ನನಗೆ ಗೊತ್ತಾದದ್ದು. ಎಲ್ಲರೂ ನಕ್ಕರು, ಅಜ್ಜಿ ಮಾತ್ರ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದರು. ಮುಂದಿನ ಸಲದಿಂದ ನಾನು ಮನೆಯಲ್ಲೇ ಎಲ್ಲಾ ಕೇಳಿಕೊಳ್ಳತೊಡಗಿದೆ. ಎಲ್ಲಿ ಉರಿ, ಎಷ್ಟು ಹೊತ್ತಿಗೆ, ಏನು ತಿಂದ ಮೇಲೆ, ಮಲಗಿದರೆ ಹೆಚ್ಚೋ ಕೂತರೆ ಹೆಚ್ಚೋ. ಒಂದು ಹಾಳೆಯಲ್ಲಿ ಬರೆದು ತಂದು ಡಾಕ್ಟರಿಗೆ ಕೊಟ್ಟೆ. ಅವರು ಹಾಳೆಯನ್ನು ಎರಡು ಸಲ ಓದಿ, ಅಂದು ಮೊದಲ ಬಾರಿಗೆ ತಲೆಯೆತ್ತಿ ಅಜ್ಜಿಯನ್ನು ನೋಡಿದರು. ಔಷಧಿ ಬದಲಾಯಿಸಿದರು.

“ಡಾಕ್ಟರ್ ಯಾಕಾಗಬೇಕು ಅಂತ ನನಗೆ ಸರಿಯಾಗಿ ಗೊತ್ತಿಲ್ಲ ಮೇಡಂ. ಆ ಹಾಳೆ ಬರೆಯುವುದು ನನಗೆ ಇಷ್ಟ” ಎಂದೆ. ಆಕೆ ಏನೋ ಬರೆದುಕೊಂಡು, ಹೋಗಬಹುದು ಎಂದರು.

ಹೊರಗೆ ಬೇವಿನ ಮರದ ಕೆಳಗೆ ಅಪ್ಪ ಕಾಯುತ್ತಿದ್ದರು. “ಸ್ಟೋರಿ ಚೆನ್ನಾಗಿ ಹೇಳಿದ್ಯಾ?”

“ಇಲ್ಲಪ್ಪ. ಅಜ್ಜಿ ಬದುಕಿದ್ದಾರೆ ಅಂತ ಹೇಳ್ಬಿಟ್ಟೆ.”

“ಅಯ್ಯೋ ದೇವರೇ!” ಎಂದು ಅಪ್ಪ ಕಲ್ಲುಬೆಂಚಿನ ಮೇಲೆ ಕುಸಿದರು. ತಾಯಿ ಬದುಕಿರುವ ಸುದ್ದಿ ಕೇಳಿ ಮಗನೊಬ್ಬ ಅಷ್ಟು ದುಃಖಪಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಒಂದು ನಿಮಿಷದ ನಂತರ ಅವರಿಗೇ ಅದು ಹೊಳೆದಿರಬೇಕು. ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು, “ಚಲೋ, ಕಬ್ಬಿನ ಹಾಲು ಕುಡಿಯೋಣ” ಎಂದರು. ಗಾಡಿಯ ಭಯ್ಯಾನಿಗೆ ಐಸ್ ಹೆಚ್ಚು ಹಾಕಲು ಹೇಳಿದರು.

ನಿಜ ಹೇಳಿದವರಿಗೆ ಕೊನೆಗೆ ಒಳ್ಳೆಯದಾಗುತ್ತದೆಂದು ಶಾಲೆಯಲ್ಲಿ ಕಲಿಸಿದ್ದರು. ಹತ್ತು ದಿನಗಳ ನಂತರ ಸೈಬರ್ ಕೆಫೆಯಲ್ಲಿ ಪಟ್ಟಿ ನೋಡಿದೆ. ಘಾಜಿಯಾಬಾದಿನ ಹುಡುಗಿಯ ನಂಬರ್ ಇತ್ತು. ನನ್ನದು ಆಯ್ಕೆಯಾದವರಲ್ಲೂ ಇರಲಿಲ್ಲ, ಕಾಯುವವರಲ್ಲೂ ಇರಲಿಲ್ಲ. ಅಭಿನಂದನೆ ಹೇಳಲು ಫೋನ್ ಮಾಡಿದರೆ, ಎತ್ತಿದ್ದು ಅವಳ ಅಜ್ಜಿಯೇ. ಮೊಮ್ಮಗಳು ಹೊರಗೆ ಹೋಗಿದ್ದಾಳೆಂದೂ, ತಾನು ಇಡೀ ಕಟ್ಟಡಕ್ಕೆ ಲಡ್ಡು ಹಂಚುವುದರಲ್ಲಿದ್ದೇನೆಂದೂ ಗಟ್ಟಿ ದನಿಯಲ್ಲಿ ಹೇಳಿದರು.

ನಮ್ಮ ಅಜ್ಜಿ ಸುದ್ದಿ ಕೇಳಿ, “ನಾನು ಬದುಕಿರೋದೇ ಅಡ್ಡ ಆಯ್ತೇನೋ” ಎಂದು ನಕ್ಕರು. ಆ ನಗೆ ನನಗೆ ಸರಿಬರಲಿಲ್ಲ. ಪಕ್ಕದಲ್ಲಿ ಕೂತು, “ಹಾಗನ್ನಬೇಡಿ ಅಜ್ಜಿ” ಎಂದಾಗ ಅಳು ಬಂತು. ಹನ್ನೆರಡು ದಿನ ತರಬೇತಿ ಪಡೆದರೂ ಬಾರದಿದ್ದ ಅಳು. ಅವರು ಸೆರಗಿನಿಂದ ನನ್ನ ಮುಖ ಒರೆಸಿ, “ಮುಂದಿನ ವರ್ಷ ಮತ್ತೆ ಪರೀಕ್ಷೆ ಬರಿ” ಎಂದರು.

ಬರೆದೆ. ಹರಿಯಾಣದ ಸರ್ಕಾರಿ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಅಲ್ಲಿ ಸಂದರ್ಶನ ಇರಲಿಲ್ಲ. ಪ್ರವೇಶದ ದಿನ ಕೌಂಟರಿನ ಗುಮಾಸ್ತರು ನನ್ನ ಸರ್ಟಿಫಿಕೇಟುಗಳ ಮೇಲೆ ಠಪ್ಪೆಂದು ಮೊಹರು ಒತ್ತಿ, ಫೋಟೋ ಅಂಟಿಸಿ, ಒಂದೇ ಒಂದು ಪ್ರಶ್ನೆ ಕೇಳಿದರು.

“ಹಾಸ್ಟೆಲ್ ಚಾಹಿಯೇ?”

ಬೇಕು ಎಂದೆ.